ಎಲ್ಲಿಗೆ ಅಂತ ಕೇಳಬಾರದು

ಮನೆಯಿಂದ ಹೊರಟವರನ್ನು ‘ಎಲ್ಲಿಗೆ?’ ಅಂತ ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಹಾಗಂತ ಕೇಳದೆ ಸುಮ್ಮನಿರುವುದಕ್ಕೆ ನಾವೇನು ಋಷಿಗಳೇ? ಅದಕ್ಕೇ ನಮ್ಮ ಹಿರಿಯರು ‘ಏನು, ದೂರ ಹೊರಟ ಹಾಗಿದೆ?’ ಅನ್ನುವ ಒಳದಾರಿ ಕಂಡುಕೊಂಡಿದ್ದರು. ಶಕುನಕ್ಕೂ ಭಂಗವಿಲ್ಲ, ಸುದ್ದಿಗೂ ಮೋಸವಿಲ್ಲ. ಕೆ.ಆರ್. ನಗರದ ಪಕ್ಕದ ಹಳ್ಳಿಯಲ್ಲಿದ್ದ ನನ್ನ ಸೋದರಮಾವ ಈ ವಿದ್ಯೆಯಲ್ಲಿ ಪಂಡಿತರು. ಅವರ ಮನೆ ಬಸ್ ನಿಲ್ಲುವ ಅರಳಿಕಟ್ಟೆಗೆ ಎದುರು. ಬೆಳಗಿನ ಮೊದಲ ಬಸ್ಸಿನಿಂದ ರಾತ್ರಿಯ ಹಾಲ್ಟಿಂಗ್ ಬಸ್ಸಿನವರೆಗೆ ಅವರ ಕಣ್ಣು ತಪ್ಪಿಸಿ ಊರು ಬಿಟ್ಟವರಿಲ್ಲ, ಊರು ಸೇರಿದವರೂ ಇಲ್ಲ. ಖಾಲಿ ಚೀಲವಾದರೆ ಸಂತೆ, ಕಂಕುಳಲ್ಲಿ ಕಾಗದದ ಕಟ್ಟಿದ್ದರೆ ಕೋರ್ಟು, ಇಸ್ತ್ರಿ ಮಾಡಿದ ಅಂಗಿಯವನ ಹಿಂದೆ ನಾಲ್ಕು ಜನ ಹೆಂಗಸರಿದ್ದರೆ ಹೆಣ್ಣು ನೋಡುವ ಶಾಸ್ತ್ರ. ಆಮೇಲೆ ‘ದೂರವಾ?’ ಅಂತ ಕೇಳುತ್ತಿದ್ದದ್ದು ತಮ್ಮ ಲೆಕ್ಕ ಸರಿಯಾಯಿತೋ ಇಲ್ಲವೋ ಅಂತ ತಾಳೆ ನೋಡುವುದಕ್ಕಷ್ಟೇ.

ಆ ಗುಣ ನನಗೂ ಬಂದಿದೆ. ಆದರೆ ಜಗಲಿ ಎಲ್ಲಿಂದ ತರುವುದು? ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು ಎರಡನೇ ಮಹಡಿಯ ಮನೆ. ಇರುವ ಒಂದೇ ಬಾಲ್ಕನಿಯನ್ನು ವಾಷಿಂಗ್ ಮಷೀನೂ ನಾಲ್ಕು ಹೂವಿನ ಕುಂಡಗಳೂ ಪಾಲು ಮಾಡಿಕೊಂಡಿವೆ. ಉಳಿದ ಜಾಗದಲ್ಲಿ ನಿಂತು ಕೆಳಗೆ ನೋಡಿದರೆ ಹೋಗುವವರೆಲ್ಲ ಹೆಲ್ಮೆಟ್ ಹಾಕಿಕೊಂಡವರು. ಯಾರು ಅಂತಲೇ ಗೊತ್ತಾಗದ ಮೇಲೆ ಎಲ್ಲಿಗೆ ಅನ್ನುವ ಮಾತೆಲ್ಲಿ? ನಿವೃತ್ತನಾಗಿ ಆರು ತಿಂಗಳು ಹೀಗೇ ಒದ್ದಾಡಿದೆ. ಆಗ ನನ್ನ ಭಾವಮೈದ ಬಂದು ಕಂಪ್ಯೂಟರಿನಲ್ಲಿ ಒಂದು ಭೂಪಟ ತೆರೆದುಕೊಟ್ಟು ಹೋದ. ನಾನು ಅವನ ಅಕ್ಕನ ಅಡುಗೆಮನೆಯ ಉಸಾಬರಿ ಬಿಡಲಿ ಅನ್ನುವುದು ಅವನ ಉದ್ದೇಶ. ಬಿಟ್ಟೆ. ಈಗ ಮೂರು ಲೋಕದ ಉಸಾಬರಿ ಹಿಡಿದುಕೊಂಡಿದ್ದೇನೆ.

ಅದರ ಹೆಸರು ಫ್ಲೈಟ್‌ರೇಡಾರ್24. ಸ್ವೀಡನ್ನಿನ ಇಬ್ಬರು ವಿಮಾನದ ಹುಚ್ಚರು 2006ರಲ್ಲಿ ಶುರು ಹಚ್ಚಿಕೊಂಡದ್ದು. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಒಂದು ಜ್ವಾಲಾಮುಖಿ ಬೂದಿ ಉಗುಳಿ ಯುರೋಪಿನ ವಿಮಾನಗಳೆಲ್ಲ ನೆಲ ಕಚ್ಚಿದಾಗ ಇದರ ಹೆಸರು ಮನೆಮನೆಗೆ ಗೊತ್ತಾಯಿತು. ಜ್ವಾಲಾಮುಖಿಯ ಹೆಸರು ಕೇಳಬೇಡಿ. ಒಂದು ಸಲ ಹೇಳಲು ಹೋಗಿ ನನ್ನ ಕಟ್ಟಿಸಿದ ಹಲ್ಲು ಸಡಿಲವಾಗಿದೆ. ಪರದೆ ತೆರೆದರೆ ಭೂಪಟ ಕಾಣುವುದೇ ಇಲ್ಲ. ಅಮೆರಿಕ, ಯುರೋಪುಗಳ ಮೇಲೆ ಹಳದಿ ಬಣ್ಣದ ಪುಟ್ಟ ಪುಟ್ಟ ವಿಮಾನಗಳು ಬೆಲ್ಲದಚ್ಚಿಗೆ ಮುತ್ತಿದ ಇರುವೆಗಳ ಹಾಗೆ ಗಿಜಿಗುಡುತ್ತವೆ. ಎಲ್ಲವೂ ತೆವಳುತ್ತಿರುತ್ತವೆ. ಮೊದಲ ದಿನ ನಮ್ಮ ಮನೆಯವಳು ಕೈಯಲ್ಲಿ ಸೌಟು ಹಿಡಿದೇ ಬಂದು ನೋಡಿದಳು.

“ಅಯ್ಯೋ, ಇಷ್ಟೊಂದು ಇದ್ರೆ ಒಂದಕ್ಕೊಂದು ಗುದ್ಕೊಳ್ಳಲ್ವೇನ್ರೀ?”

ಇಲ್ಲ ಕಣೇ, ಚಿತ್ರ ಕಾಣಲಿ ಅಂತ ದಪ್ಪಗೆ ಬರೆದಿದ್ದಾರೆ. ಈ ಅಳತೆಯಲ್ಲಿ ನೋಡಿದರೆ ಒಂದು ವಿಮಾನದ ಮೂಗು ಮೈಸೂರಿನಲ್ಲಿದ್ದರೆ ಬಾಲ ಹುಬ್ಬಳ್ಳಿಯಲ್ಲಿರಬೇಕು. ಅದೂ ಅಲ್ಲದೆ ಒಂದರ ಮೇಲೊಂದು ಹೋದಂತೆ ಕಾಣುವಾಗ ನಡುವೆ ಕಡಿಮೆಯೆಂದರೆ ಸಾವಿರ ಅಡಿ ಅಂತರ ಬಿಟ್ಟಿರುತ್ತಾರೆ ಅಂತೆಲ್ಲ ವಿವರಿಸಿದೆ. ಅವಳು ಒಪ್ಪಿಕೊಂಡಳು. ಒಪ್ಪಿಕೊಂಡು, “ಹಾಗಾದ್ರೆ ನೀವು ಕಾವಲು ಕೂತ್ಕೋಬೇಕಾದ್ದೇನಿಲ್ಲ, ಕಾಯಿ ತುರಿದುಕೊಡಿ” ಅಂದಳು.

ಕಾವಲು ಅನ್ನುವ ಮಾತು ನನಗೆ ಸ್ವಲ್ಪ ನಾಟಿತು. ಸೋದರಮಾವನವರನ್ನೂ ಅತ್ತೆ ಹೀಗೇ ಅನ್ನುತ್ತಿದ್ದರು: ‘ಇವರು ಜಗಲೀಲಿ ಕೂತಿಲ್ದೇ ಇದ್ರೆ ಬಸ್ಸೇ ಹೊರಡಲ್ಲ ನೋಡು.’

ಆದರೂ ಒಂದು ಹಳದಿ ವಿಮಾನದ ಮೇಲೆ ಬೆರಳೊತ್ತಿ ನೋಡಿ ಸ್ವಾಮಿ. ಪಕ್ಕದಲ್ಲಿ ಅದರ ಜಾತಕವೇ ಬಿಚ್ಚಿಕೊಳ್ಳುತ್ತದೆ. ಯಾವ ಕಂಪನಿ, ಯಾವ ಮಾಡೆಲ್ಲು, ನೋಂದಣಿ ಏನು, ಎಷ್ಟು ಎತ್ತರ, ಎಷ್ಟು ವೇಗ, ಎಲ್ಲಿಂದ, ಎಲ್ಲಿಗೆ! ನಿಷಿದ್ಧವಾದ ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವ ಪಾಪವೇ ಇಲ್ಲ. ನಮ್ಮ ಮನೆಯ ತಾರಸಿಯಿಂದ ಎತ್ತರದಲ್ಲಿ ಒಂದು ಬಿಳಿ ಗೆರೆ ಕಂಡರೆ ಓಡಿ ಬಂದು ನೋಡುತ್ತೇನೆ. ಕಣ್ಣೂರಿಗೋ ಕಲ್ಲಿಕೋಟೆಗೋ ಹೋಗುವುದಾದರೆ ಮರ್ಯಾದೆ ಅಷ್ಟಕ್ಕಷ್ಟೇ. ಕೊಲಂಬೋದಿಂದ ದೋಹಾಕ್ಕೆ ಹೊರಟದ್ದಾದರೆ ಇನ್ನೊಂದು ಸಲ ತಾರಸಿಗೆ ಹೋಗಿ ನೋಡಿ ಬರುತ್ತೇನೆ.

ಇದೆಲ್ಲ ಗೊತ್ತಾಗುವುದು ಹೇಗೆ ಅಂತ ನಾನೂ ತಲೆ ಕೆಡಿಸಿಕೊಂಡಿದ್ದೆ. ಸರ್ಕಾರಗಳ ರೇಡಾರ್‌ನಿಂದ ಕದಿಯುತ್ತಾರೇನೋ ಅಂತ ಅನುಮಾನ. ಕದಿಯುವುದೇನೂ ಇಲ್ಲ. ವಿಮಾನವೇ ಬಾಯಿಬಡುಕ. ಎಡಿಎಸ್-ಬಿ ಅಂತ ಒಂದು ಏರ್ಪಾಡು. ವಿಮಾನ ತಾನಿರುವ ಜಾಗವನ್ನು ಉಪಗ್ರಹಗಳಿಂದ ತಿಳಿದುಕೊಂಡು ‘ನಾನು ಇಂಥವನು, ಇಲ್ಲಿದ್ದೇನೆ, ಇಷ್ಟು ಎತ್ತರದಲ್ಲಿದ್ದೇನೆ, ಇಷ್ಟು ಜೋರಾಗಿ ಹೋಗುತ್ತಿದ್ದೇನೆ’ ಅಂತ 1090 ಮೆಗಾಹರ್ಟ್ಸ್‌ನಲ್ಲಿ ಸಾರಿಕೊಂಡೇ ಹೋಗುತ್ತದೆ. ತಾನೆಲ್ಲಿದ್ದೇನೆ ಅನ್ನುವುದನ್ನಂತೂ ಸೆಕೆಂಡಿಗೆ ಎರಡು ಸಲ ಹೇಳುತ್ತದೆ. ಬಸ್ಸಿನಲ್ಲಿ ಮೊಬೈಲ್ ಹಿಡಿದು ‘ಈಗ ಶ್ರೀರಂಗಪಟ್ಟಣ... ಈಗ ಸೇತುವೆ... ಈಗ ಸೇತುವೆ ದಾಟ್ತು’ ಅಂತ ಕೂಗುವವರಿಲ್ಲವೇ, ಆ ಪೈಕಿ. ಅದನ್ನು ಕೇಳಿಸಿಕೊಳ್ಳುವುದಕ್ಕೆ ದೊಡ್ಡ ಯಂತ್ರವೇನೂ ಬೇಡ. ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರು, ಹೆಬ್ಬೆರಳುದ್ದದ ಒಂದು ರಿಸೀವರು, ತಾರಸಿಯ ಮೇಲೊಂದು ಆಂಟೆನಾ ಇದ್ದರೆ ಸುತ್ತ ಮುನ್ನೂರು ನಾನೂರು ಕಿಲೋಮೀಟರಿನ ಮಾತು ಕಿವಿಗೆ ಬೀಳುತ್ತದೆ. ಹೀಗೆ ತಮ್ಮ ತಮ್ಮ ಮನೆಯ ಮೇಲೆ ಆಂಟೆನಾ ನೆಟ್ಟು, ಬಿದ್ದ ಮಾತನ್ನೆಲ್ಲ ಸ್ವೀಡನ್ನಿನವರಿಗೆ ದಾಟಿಸುವವರು ಜಗತ್ತಿನಲ್ಲಿ 40 ಸಾವಿರಕ್ಕೂ ಹೆಚ್ಚು ಕಡೆ ಇದ್ದಾರೆ. 40 ಸಾವಿರ ಸೋದರಮಾವಂದಿರು! ಸಂಬಳವಿಲ್ಲ, ಅದರ ಬದಲು ಆ ಕಂಪನಿಯ ದುಬಾರಿ ಚಂದಾ ಪುಕ್ಕಟೆ. ಆ ಚಂದಾದಲ್ಲಿ ಇನ್ನಷ್ಟು ವಿವರ ನೋಡಬಹುದು. ಚಾಡಿ ಹೇಳಿದವರಿಗೆ ಚಾಡಿಯನ್ನೇ ಕೂಲಿಯಾಗಿ ಕೊಡುವ ಈ ಉಪಾಯ ನಮ್ಮೂರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ.

ನಾನೂ ಒಂದು ಹಾಕಿಸೋಣ ಅಂತ ಮಾತು ತೆಗೆದೆ. ತಾರಸಿ ಹಪ್ಪಳ ಸಂಡಿಗೆಗೆ ಸೇರಿದ್ದು, ಅಲ್ಲಿ ಕಾಗೆ ಕೂರುವುದಕ್ಕೆ ಇನ್ನೊಂದು ಕೋಲು ನೆಡಿಸುವ ಅಗತ್ಯವಿಲ್ಲ ಅಂತ ತೀರ್ಪಾಯಿತು.

ಹೋಗಲಿ, ನೋಡುವುದಕ್ಕೆ ಯಾರ ಅಪ್ಪಣೆ ಬೇಕು? ಈಗ ನನಗೆ ಗಡಿಯಾರವೇ ಬೇಡವಾಗಿದೆ. ಬೆಳಗ್ಗೆ ಏಳಕ್ಕೆ ಫಿಲ್ಟರ್ ಕಾಫಿಯ ಲೋಟ ಹಿಡಿದು ಕೂತರೆ ಅಟ್ಲಾಂಟಿಕ್ ಸಾಗರದ ಮೇಲೆ ಅಮೆರಿಕದಿಂದ ಯುರೋಪಿಗೆ ಸಾಲುಸಾಲಾಗಿ ವಿಮಾನಗಳು ಬರುತ್ತಿರುತ್ತವೆ. ಅವರಿಗೆ ಅದು ನಡುರಾತ್ರಿ. ಸಂಜೆ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಅದೇ ಮಂದೆ ಯುರೋಪಿನಿಂದ ಅಮೆರಿಕದ ಕಡೆಗೆ ಹೊರಡುತ್ತದೆ. ಹಟ್ಟಿ ಬಿಟ್ಟ ದನ ಹಟ್ಟಿಗೆ ಮರಳುವ ಹಾಗೆ, ದಿನಾ ಒಂದೇ ಲಯ. ಒಂದಕ್ಕಿಂತ ಒಂದು ಬೇಗ ಹೋಗುವುದಕ್ಕೆ ಗಾಳಿಯದೂ ಕೈವಾಡವುಂಟು. ಮೇಲಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಬರುವವರಿಗೆ ಬೆನ್ನು ತಳ್ಳಿದಂತೆ, ಹೋಗುವವರಿಗೆ ಎದೆಗೆ ಒತ್ತಿದಂತೆ. 2020ರ ಫೆಬ್ರವರಿಯಲ್ಲಿ ಒಂದು ಬಿರುಗಾಳಿ ಬೆನ್ನಿಗೆ ಸಿಕ್ಕಿ ಬ್ರಿಟಿಷ್ ಏರ್‌ವೇಸಿನ ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ ಐದು ಗಂಟೆಗೂ ಕಡಿಮೆ ಹೊತ್ತಿನಲ್ಲಿ ಬಂದಿಳಿದಿತ್ತು. ದಸರಾ ಸಮಯದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ನನ್ನ ಭಾವಮೈದ ಬಂದದ್ದೂ ಐದು ಗಂಟೆಗೇ.

ಯಾರೂ ಓಡಾಡದ ಬೀದಿಯ ಮೇಲೂ ಜಗಲಿಯವನಿಗೆ ಕಣ್ಣಿರಬೇಕು. ಟಿಬೆಟ್ಟಿನ ಮೇಲೆ ಹೆಚ್ಚು ವಿಮಾನ ಹಾಯುವುದಿಲ್ಲ. ಒಳಗಿನ ಗಾಳಿಯ ಒತ್ತಡ ಕೈಕೊಟ್ಟರೆ ಬೇಗ ಹತ್ತು ಸಾವಿರ ಅಡಿಗೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರ. ಉಕ್ರೇನಿನ ಮೇಲೆ 2022ರ ಫೆಬ್ರವರಿ 24ರಿಂದ ಬೆಣ್ಣೆ ತೆಗೆದ ಪಾತ್ರೆಯಂಥ ಖಾಲಿ. ರಷ್ಯದ ಮೇಲೆ ಹೋಗುವಂತಿಲ್ಲದೆ ಹೆಲ್ಸಿಂಕಿಯಿಂದ ಟೋಕಿಯೋಗೆ ಹೊರಟ ಫಿನ್‌ಏರ್ ವಿಮಾನ ಉತ್ತರ ಧ್ರುವ ಬಳಸಿಕೊಂಡು ಹೋದದ್ದೂ ಉಂಟು. ನಮ್ಮದೇ ದೇಶ 2020ರ ಮಾರ್ಚ್ 25ರಿಂದ ಎರಡು ತಿಂಗಳು ಹೇಗಿತ್ತು ಅಂತೀರಿ! ಸರಕಿನ ವಿಮಾನ ಒಂದೋ ಎರಡೋ. ಆಗ ನಾನು ಪರದೆಯ ಮುಂದೆ ಕೂತರೆ ಹೆಂಡತಿ ಏನೂ ಅನ್ನುತ್ತಿರಲಿಲ್ಲ. ಬೀದಿಯಲ್ಲೂ ಏನೂ ಇರಲಿಲ್ಲವಲ್ಲ.

ದೂರದ ಹುಚ್ಚಿನಲ್ಲಿ ಹತ್ತಿರವನ್ನು ಮರೆಯಬಾರದು. ಸ್ಕಾಟ್‌ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೆಯಿಂದ ಪಾಪಾ ವೆಸ್ಟ್ರೆಗೆ ಒಂದು ವಿಮಾನವಿದೆ. ದೂರ ಎಷ್ಟು? 2.7 ಕಿಲೋಮೀಟರು. ಗಾಳಿ ಕೂಡಿ ಬಂದರೆ ಒಂದೇ ನಿಮಿಷ. ನಮ್ಮ ಮನೆಯಿಂದ ಅಗ್ರಹಾರದ ವೃತ್ತಕ್ಕೆ ಆಟೋದವರು ‘ಅಷ್ಟು ಹತ್ತಿರಕ್ಕೆ ಬರಲ್ಲ ಸಾರ್’ ಅನ್ನುತ್ತಾರೆ. ಅಲ್ಲಿ ವಿಮಾನದವರು ಬರುತ್ತಾರೆ. ಇನ್ನೊಂದು ತುದಿಯಲ್ಲಿ ಸಿಂಗಪುರದಿಂದ ನ್ಯೂಯಾರ್ಕಿಗೆ ಹದಿನೆಂಟು ಗಂಟೆಗೂ ಮೀರಿದ ಹಾರಾಟ. ನಮ್ಮ ಪೈಕಿಯೂ ಕಡಿಮೆಯೇನಿಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನ ಸ್ಯಾನ್‌ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಾಗಿ ಬೆಂಗಳೂರಿಗೆ ನೇರ ಬಂತು, ಸುಮಾರು 14,000 ಕಿಲೋಮೀಟರು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಯ ಪೈಲಟ್‌ಗಳೆಲ್ಲ ಹೆಂಗಸರೇ. ಈ ಸುದ್ದಿ ಕೇಳಿ ನನ್ನಾಕೆ ತುಂಬ ಖುಷಿಪಟ್ಟಳು. ಆಮೇಲೆ ಭೂಪಟ ನೋಡಿ, “ಬೆಂಗಳೂರು ಕೆಳಗಿದೆ, ಇವರ್ಯಾಕೆ ಮೇಲಕ್ಕೆ ಹೋದ್ರು?” ಅಂದಳು. ಒಂದು ಮೂಸಂಬಿ ತಂದು ಅದರ ಮೇಲೆ ದಾರ ಎಳೆದು ಕಟ್ಟಿ, ಗುಂಡಗಿನ ಭೂಮಿಯ ಮೇಲೆ ಹತ್ತಿರದ ದಾರಿ ಅದೇ ಅಂತ ತೋರಿಸಿದೆ. ನೋಡಿದಳು, ದಾರ ಬಿಚ್ಚಿದಳು, ಮೂಸಂಬಿ ಸುಲಿದು ತಿಂದಳು.

ಒಂದು ವಿಷಯದಲ್ಲಿ ಮಾತ್ರ ಅವಳು ತಾನಾಗಿ ಬಂದು ಪರದೆಯ ಮುಂದೆ ಕೂತದ್ದುಂಟು. ವಿಮಾನ ಹೋದ ದಾರಿ ಗೆರೆಯಾಗಿ ಉಳಿಯುತ್ತದಲ್ಲ, ಪರೀಕ್ಷಾ ಹಾರಾಟ ಮಾಡುವವರು ಆ ಗೆರೆಯಲ್ಲೇ ಚಿತ್ರ ಬರೆಯುತ್ತಾರೆ. 2017ರ ಆಗಸ್ಟ್‌ನಲ್ಲಿ ಬೋಯಿಂಗ್ ಕಂಪನಿಯ 787 ವಿಮಾನವೊಂದು ಅಮೆರಿಕದ ಉದ್ದಗಲಕ್ಕೆ ಹದಿನೆಂಟು ಗಂಟೆ ಹಾರಿ ತನ್ನದೇ ಆಕಾರ ಬಿಡಿಸಿತು. ಅದೇ ಡಿಸೆಂಬರ್‌ನಲ್ಲಿ ಏರ್‌ಬಸ್‌ನವರು ಎ380 ವಿಮಾನದಲ್ಲಿ ಜರ್ಮನಿಯ ಮೇಲೆ ಕ್ರಿಸ್‌ಮಸ್ ಮರ ಬರೆದರು, ಕೊಂಬೆಗೆ ತೂಗುಬಿಟ್ಟ ಗುಂಡುಗಳ ಸಮೇತ. ಎರಡರ ಚಿತ್ರವನ್ನೂ ತೋರಿಸಿದೆ. ಮಾರ್ಗಶಿರದಿಂದ ಸಂಕ್ರಾಂತಿಯವರೆಗೆ ಬಾಗಿಲಿಗೆ ದಿನಕ್ಕೊಂದು ರಂಗೋಲಿ ಹಾಕಿದ ಕೈ ಅದು. ಕನ್ನಡಕ ಏರಿಸಿ ನೋಡಿ, “ಮರ ಪರವಾಗಿಲ್ಲ. ಬುಡದ ಹತ್ರ ಎಳೆ ಕೂಡಿಲ್ಲ. ಚುಕ್ಕಿ ಇಡದೆ ಹೊರಟ್ರೆ ಹೀಗೇ ಆಗೋದು” ಅಂದಳು.

ಜಗಲಿಗೆ ಜನ ಸೇರುವುದು ಸುದ್ದಿ ಇದ್ದ ದಿನ. ಇಲ್ಲಿಯೂ ಹಾಗೇ. 2022ರ ಆಗಸ್ಟ್ 2ರಂದು ಅಮೆರಿಕದ ಸ್ಪೀಕರ್ ನ್ಯಾನ್ಸಿ ಪೆಲೋಸಿ ತೈವಾನಿಗೆ ಹೊರಟರು. ಹೋಗುತ್ತೇನೆ ಅಂತ ಹೇಳಿರಲಿಲ್ಲ, ಹೋಗುವುದಿಲ್ಲ ಅಂತಲೂ ಹೇಳಿರಲಿಲ್ಲ. ಕ್ವಾಲಾಲಂಪುರದಿಂದ ಎದ್ದ ವಿಮಾನ ನೇರ ದಾರಿ ಬಿಟ್ಟು ಬೋರ್ನಿಯೋ, ಫಿಲಿಪೀನ್ಸ್ ಸುತ್ತಿಕೊಂಡು ಹೋಯಿತು. ಸುತ್ತು ಬಳಸಿ ಹೋಗುವವರ ಮೇಲೆ ಊರಿಗೆ ಕಣ್ಣು ಜಾಸ್ತಿಯೇ ಅಲ್ಲವೇ? ದಾರಿಯುದ್ದಕ್ಕೆ 29 ಲಕ್ಷ ಜನ ಇಣುಕಿದರು, ತೈಪೆಯಲ್ಲಿ ಇಳಿಯುವ ಗಳಿಗೆಗೆ ಏಳು ಲಕ್ಷ ಜನ ಒಟ್ಟಿಗೆ ನೋಡುತ್ತಿದ್ದರು. ಮರುತಿಂಗಳು ಎಲಿಜಬೆತ್ ರಾಣಿಯ ಪಾರ್ಥಿವ ಶರೀರವನ್ನು ಎಡಿನ್‌ಬರೋದಿಂದ ಲಂಡನ್ನಿಗೆ ತಂದಾಗ ನೋಡಿದವರು ಸುಮಾರು 50 ಲಕ್ಷ. ಆ ದಿನ ನನ್ನ ಪರದೆ ತೆರೆಯಲೇ ಇಲ್ಲ. ರಾಣಿಯನ್ನು ಕಳಿಸಿಕೊಡುವುದಕ್ಕೆ ಬಂದ ಜನಸಂದಣಿಯಲ್ಲಿ ಕುವೆಂಪುನಗರದವನು ಹಿಂದೆ ಉಳಿದುಬಿಟ್ಟೆ.

ಕೇಳಿದರೆ ಸಿಟ್ಟಾಗುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಈಲಾನ್ ಮಸ್ಕ್ ಅವರ ಸ್ವಂತ ಜೆಟ್ಟು ಎಲ್ಲೆಲ್ಲಿ ಹೋಯಿತು ಅಂತ 19 ವರ್ಷದ ಒಬ್ಬ ಕಾಲೇಜು ಹುಡುಗ ಟ್ವಿಟರ್‌ನಲ್ಲಿ ದಿನಾ ಸಾರುತ್ತಿದ್ದ. ನಿಲ್ಲಿಸಪ್ಪಾ, ಐದು ಸಾವಿರ ಡಾಲರ್ ಕೊಡುತ್ತೇನೆ ಅಂದರು ಇವರು. ಐವತ್ತು ಸಾವಿರ ಕೊಡಿ ಅಂದ ಅವನು. ವ್ಯಾಪಾರ ಕುದುರಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಮಸ್ಕ್ ಟ್ವಿಟರನ್ನೇ ಕೊಂಡರು, ಡಿಸೆಂಬರ್‌ನಲ್ಲಿ ಆ ಖಾತೆ ಬಂದ್ ಆಯಿತು. ಅಂದರೆ ಜಗಲಿಯನ್ನೇ ಖರೀದಿಸಿ ಹುಡುಗನನ್ನು ಎಬ್ಬಿಸಿ ಕಳಿಸಿದ ಹಾಗೆ. ನಮ್ಮ ಸೋದರಮಾವನವರ ಪುಣ್ಯ, ಅವರ ಊರಿನಲ್ಲಿ ಅಷ್ಟು ದುಡ್ಡಿದ್ದವರು ಇರಲಿಲ್ಲ.

ಇಷ್ಟೆಲ್ಲ ಪಾಂಡಿತ್ಯ ಇಟ್ಟುಕೊಂಡು ನಾನು ಮಾನ ಕಳೆದುಕೊಂಡ ಕಥೆಯನ್ನೂ ಹೇಳಿಬಿಡುತ್ತೇನೆ. ಹೇಗೂ ನನ್ನಾಕೆ ಹೇಳುತ್ತಾಳೆ.

ಮಗಳು ಕಂಪನಿ ಕೆಲಸದ ಮೇಲೆ ಮೊದಲ ಸಲ ಲಂಡನ್ನಿಗೆ ಹೋದಳು. ಬೆಳಗ್ಗೆ ವಿಮಾನ ಎದ್ದದ್ದನ್ನು ನೋಡಿದೆ. ಅರಬ್ಬೀ ಸಮುದ್ರ ದಾಟುವಾಗ ತಿಂಡಿ ತಿಂದೆ, ಟರ್ಕಿಯ ಹತ್ತಿರ ಬಂದಾಗ ಊಟ ಮಾಡಿದೆ. ಸಂಜೆ ಐದೂವರೆ ಹೊತ್ತಿಗೆ ಇನ್ನೇನು ಹೀಥ್ರೂ ಅನ್ನುವಾಗ ವಿಮಾನ ಎಡಕ್ಕೆ ತಿರುಗಿತು. ತಿರುಗಿದ್ದು ತಿರುಗುತ್ತಲೇ ಹೋಗಿ ಬಂದ ಜಾಗಕ್ಕೇ ಬಂತು. ಮತ್ತೊಂದು ಸುತ್ತು. ಮತ್ತೊಂದು. ನನ್ನ ಕೈ ತಣ್ಣಗಾಯಿತು. ಪೈಲಟ್‌ಗಳಿಗೆ ಸಂಕೇತದ ನಂಬರುಗಳಿವೆ: ಅಪಹರಣವಾದರೆ 7500, ರೇಡಿಯೋ ಕೆಟ್ಟರೆ 7600, ಬೇರೆ ಆಪತ್ತಾದರೆ 7700. ನನ್ನ ಪರದೆಯಲ್ಲಿ ಯಾವುದೂ ಇಲ್ಲ. ಇಲ್ಲದ್ದೇ ಇನ್ನಷ್ಟು ಗಾಬರಿ. ನಂಬರು ಹಾಕುವುದಕ್ಕೂ ಪುರುಸೊತ್ತಿಲ್ಲವೇನೋ! ಭಾವಮೈದನಿಗೆ ಫೋನು, ಅಣ್ಣನಿಗೆ ಫೋನು, ಹಾಸನದ ಷಡ್ಡಕನಿಗೆ ಫೋನು. ಅವರು ಪಾಪ ಚಾಮುಂಡಿಗೆ ಹರಕೆ ಹೊತ್ತೂಬಿಟ್ಟರು. ನನ್ನಾಕೆ ಕೈ ಒರೆಸಿಕೊಳ್ಳುತ್ತ ಬಂದಳು. “ಎಷ್ಟು ಸುತ್ತಾಯ್ತು?” “ನಾಲ್ಕು.” “ನವಗ್ರಹಕ್ಕೆ ಒಂಬತ್ತು ಹಾಕ್ತೀವಿ. ತಾಳಿ.”

ಐದನೇ ಸುತ್ತಿಗೆ ವಿಮಾನ ಬಳ್ಳಿ ಬಿಟ್ಟ ಕುಂಬಳಕಾಯಿಯ ಹಾಗೆ ಸುರುಳಿಯಿಂದ ಕಳಚಿಕೊಂಡು ನೆಟ್ಟಗೆ ಹೋಗಿ ಇಳಿಯಿತು. ಆಮೇಲೆ ತಿಳಿಯಿತು, ಹೀಥ್ರೂ ನಿಲ್ದಾಣಕ್ಕೆ ಸುತ್ತಲೂ ಇಂಥ ನಾಲ್ಕು ಜಾಗಗಳಿವೆ. ಇವಳದು ಸುತ್ತಿದ್ದು ಲ್ಯಾಂಬೋರ್ನ್ ಅನ್ನುವ ಕಡೆ. ರನ್‌ವೇ ಬಿಡುವಾಗುವವರೆಗೆ ವಿಮಾನಗಳನ್ನು ಒಂದರ ಮೇಲೊಂದು ಸಾವಿರ ಅಡಿ ಅಂತರದಲ್ಲಿ ಸುತ್ತಿಸುತ್ತಾರೆ. ಕೆಳಗಿನದು ಹೊರಟರೆ ಮೇಲಿನವು ಒಂದೊಂದು ಮೆಟ್ಟಿಲು ಇಳಿಯುತ್ತವೆ. ರೇಷನ್ ಅಂಗಡಿಯ ಕ್ಯೂವನ್ನು ನೆಟ್ಟಗೆ ನಿಲ್ಲಿಸಿದ ಹಾಗೆ. ದಿನಾ ನಡೆಯುವ ಸಂಗತಿಯಂತೆ. ಮಗಳು ಫೋನ್ ಮಾಡಿದಾಗ, “ಸುತ್ತಿತಾ? ಹೌದಾ ಅಪ್ಪಾ? ನಾನು ನಿದ್ದೆ ಮಾಡ್ತಿದ್ದೆ” ಅಂದಳು. ಷಡ್ಡಕನ ಹರಕೆ ಮಾತ್ರ ಹಾಗೇ ಉಳಿದಿದೆ. ಬೆಟ್ಟಕ್ಕೆ ಹೋಗುವ ಖರ್ಚು ನನ್ನದಂತೆ.

ಆ ವಾರ ಭಾವಮೈದ ಬಂದಾಗ ಮೂತಿ ತಿರುಗಿಸದೆ ಒಂದು ಹೊಸ ವಿಷಯ ಹೇಳಿದ. “ಭಾವ, ವಿಮಾನ ಎಲ್ಲಾನೂ ಹೇಳತ್ತೆ ಅಂತೀರಲ್ಲ. ಎಲ್ಲಿಗೆ ಹೋಗ್ತೀನಿ ಅನ್ನೋದನ್ನ ಮಾತ್ರ ಅದು ಹೇಳೋದೇ ಇಲ್ಲ.”

“ಮತ್ತೆ ಇಲ್ಲಿ ಬರೆದಿದೆ?”

“ಅದು ಇವರು ವೇಳಾಪಟ್ಟಿ ನೋಡಿ ಹಾಕ್ಕೊಳ್ಳೋದು. ಇಂಥ ನಂಬರಿನ ವಿಮಾನ ಇಷ್ಟು ಹೊತ್ತಿಗೆ ಇಲ್ಲಿದ್ದರೆ ಇಂಥ ಕಡೆಗೇ ಹೋಗ್ತಿರಬೇಕು ಅಂತ ತಾಳೆ ಹಾಕೋದು. ವಿಮಾನ ಕೂಗಿ ಹೇಳೋದು ನಾನ್ಯಾರು, ಎಲ್ಲಿದ್ದೀನಿ, ಎಷ್ಟು ಎತ್ತರ, ಎಷ್ಟು ವೇಗ ಅಂತ. ಅಷ್ಟೇ.”

ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಖಾಲಿ ಚೀಲವಾದರೆ ಸಂತೆ, ಕಾಗದದ ಕಟ್ಟಾದರೆ ಕೋರ್ಟು. ಸ್ವೀಡನ್ನಿನವರಿಗೆ ಇದನ್ನು ಕೆ.ಆರ್. ನಗರದ ಕಡೆಯವರು ಯಾರೋ ಹೇಳಿಕೊಟ್ಟಿರಬೇಕು.

ಮೊನ್ನೆ ರಾತ್ರಿ ಒಂಬತ್ತರ ಹೊತ್ತಿಗೆ ಲಕ್ಷದ್ವೀಪದ ಪಡುವಲ ಕಡೆ ಒಂದು ವಿಮಾನ ಕಂಡಿತು. ಪುಟ್ಟದು, ಯಾರದೋ ಸ್ವಂತದ್ದು. 43,000 ಅಡಿ ಎತ್ತರ, ಉಳಿದವರಿಗಿಂತ ಮೇಲೆ, ಒಂಟಿಯಾಗಿ ಹೋಗುತ್ತಿತ್ತು. ಬೆರಳೊತ್ತಿದೆ. ಎತ್ತರ ಇದೆ, ವೇಗ ಇದೆ. ಎಲ್ಲಿಂದ ಅನ್ನುವ ಜಾಗದಲ್ಲಿ ಏನೂ ಇಲ್ಲ, ಎಲ್ಲಿಗೆ ಅನ್ನುವ ಜಾಗದಲ್ಲೂ ಇಲ್ಲ. ಗೆರೆ ಹಿಡಿದು ಹಿಂದಕ್ಕೆ ಹೋದೆ, ನಡುಸಮುದ್ರದಲ್ಲಿ ಶುರುವಾಗಿತ್ತು. ಮುಂದಕ್ಕೆ ಸ್ಕೇಲು ಇಟ್ಟು ನೋಡಿದೆ. ಸೊಮಾಲಿಯಾವೋ, ಸೇಶೆಲ್ಸೋ, ಕೀನ್ಯಾವೋ. ಅರ್ಧ ಗಂಟೆ ಅದರ ಹಿಂದೆಯೇ ಇದ್ದೆ. ಹೆಂಡತಿ ಎರಡು ಸಲ ಕರೆದಿದ್ದಳಂತೆ. ಮೂರನೆಯ ಸಲ ತಾನೇ ಬಂದು ಹೆಗಲ ಮೇಲಿಂದ ಬಗ್ಗಿ ನೋಡಿದಳು.

“ಏನ್ರೀ ಅದು?”

“ಗೊತ್ತಾಗ್ತಿಲ್ಲ ಕಣೇ. ಎಲ್ಲಿಗೆ ಅಂತಲೇ ಇಲ್ಲ.”

“ದೂರ ಹೊರಟಿರಬೇಕು, ಬಿಡಿ. ತಟ್ಟೆ ಹಾಕಿದ್ದೀನಿ, ಏಳಿ.”